ಕೆಂಪು ಶಾಯಿಯ ಎರಡು ಪದ

ಕಿವಿ ಡಾಕ್ಟರ ಬಳಿ ಸರದಿಗೆ ಕೂತಿದ್ದ ಟೈಲರನ ಎಡಗಿವಿಯಲ್ಲಿ ಹತ್ತಿಯಿತ್ತು. ಬಲಗಿವಿ ಮಾತ್ರ ಬಲು ಚುರುಕಾಗಿತ್ತು. ಪಕ್ಕದ ಮುದುಕರನ್ನು ಕರೆಯಲು ಬಂದ ಕಿವಿ ಪರೀಕ್ಷೆಯ ಹೆಂಗಸು ಅವರ ಮುಖ ನೋಡಿ ನಿಂತುಬಿಟ್ಟಳು.

"ಸರ್, ನೀವಾ? ಸಂಗೀತ ಕಾಲೇಜಲ್ಲಿ ನಿಮ್ಮ ಸ್ಟೂಡೆಂಟ್ ಆಗಿದ್ದೆ."

"ಗೊತ್ತಮ್ಮ. ನಾಲ್ಕು ಪಿಟೀಲಿಗೆ ಅಂತ ನೀನೊಂದು ಕೃತಿ ಬರ್ಕೊಂಡು ಬಂದಿದ್ದೆ."

"ಅದರ ಮೇಲೆ ನೀವು ಕೆಂಪು ಶಾಯೀಲಿ ‘ಸ್ವಂತಿಕೆ ಇಲ್ಲ’ ಅಂತ ಬರೆದು ಫೇಲ್ ಮಾಡಿದ್ರಿ."

"ಸುಳ್ಳು ಬರೆದೆ." ಮುದುಕರ ದನಿ ಇಳಿಯಿತು. "ಆ ವರ್ಷ ನನ್ನ ಕೈಲಿ ಒಂದು ಸಾಲೂ ಬರೆಯೋಕೆ ಆಗಿರ್ಲಿಲ್ಲ. ನಿನ್ನದು ನೋಡಿ ಹೊಟ್ಟೆ ಉರೀತು."

ಆಕೆ ಕೈಯಲ್ಲಿದ್ದ ಫೈಲು ಮುಚ್ಚಿದಳು.

"ಆಮೇಲೆ ನಿಮಗೆ ದೊಡ್ಡ ಪ್ರಶಸ್ತಿ ಬಂತಲ್ಲ ಸರ್. ಪೇಪರಲ್ಲಿ ನೋಡಿದೆ."

"ವೇದಿಕೆ ಮೇಲೆ ನಿಂತಾಗ್ಲೂ ನೀನೇ ನೆನಪಾದೆ. ಹುಡುಕ್ಕೊಂಡು ಬರೋ ಧೈರ್ಯ ಮಾತ್ರ ಮಾಡ್ಲಿಲ್ಲ. ಈಗೇನಾದ್ರೂ ಬರೀತೀಯಾ?"

"ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು ಸರ್."

ಟೈಲರ್ ಗೋಡೆಯ ಕಡೆ ಮುಖ ತಿರುಗಿಸಿದ. ಆಕೆ ಮುದುಕರ ಮೊಣಕೈ ಹಿಡಿದು ಮೆಲ್ಲಗೆ ಎಬ್ಬಿಸಿದಳು.

"ಬನ್ನಿ. ಒಳಗೆ ಶಬ್ದ ಕೇಳಿಸಿದ ತಕ್ಷಣ ಕೈ ಎತ್ತಿ. ಕೇಳಿಸದೇ ಇದ್ರೆ ಸುಮ್ಮನೆ ಎತ್ತಬೇಡಿ ಸರ್. ಇಲ್ಲಿ ನಾನು ಇದ್ದಿದ್ದನ್ನೇ ಬರೀಬೇಕು."

ಬಾಗಿಲು ಮುಚ್ಚಿಕೊಂಡಿತು.