ಹೊಲಿದಿಟ್ಟ ಕೊನೇ ಅಧ್ಯಾಯ

ಅಲ್ಲ ಅಕ್ಕ, ಹೆಂಡತಿ ಅಲ್ವೇ ಅಲ್ಲ! ಎಷ್ಟು ಸಲ ಹೇಳ್ಲಿ? ಮೊದಲನೇ ಅಧ್ಯಾಯದಿಂದ ಆ ಪಾದ್ರಿ ಹೆಂಡತಿ ಮೇಲೇ ನಿಮ್ಮ ಕಣ್ಣು... ಕಣ್ಣು ಅಂದೆನಾ? ಬಾಯಿತಪ್ಪಿ ಬಂತು, ಬೇಜಾರ್ ಮಾಡ್ಕೋಬೇಡಿ. ಅವಳು ನಗ್ತಾ ನಗ್ತಾ ಎಲ್ಲರಿಗೂ ಹಾಲು ತಂದುಕೊಡ್ತಾಳಂತೆ, ಅದಕ್ಕೇ ಗಂಟೆಗೋಪುರದ ಮೆಟ್ಟಿಲಿಗೆ ಎಣ್ಣೆ ಸುರಿದು ಗಂಡನ್ನ ಬೀಳಿಸಿ ಕೊಂದವಳೂ ಅವಳೇ ಅಂತೆ! ಹಾಲು ಕೊಡೋದೂ ಒಂದು ಅಪರಾಧಾನಾ? ನಾನೂ ದಿನಾ ನಿಮಗೆ ಹಾಲು ತಂದುಕೊಡ್ತೀನಪ್ಪ... ಯಾಕೆ ನಗ್ತೀರ?

ಸರಿ, ನಗಿ. ನಗ್ತಾನೇ ಆ ಗುಂಡಿ ಹೊಲಿದುಬಿಡಿ. ಆಗಲೇ ಚಪ್ಪಲಿ ಮೆಟ್ಕೊಂಡು ರೆಡಿಯಾಗಿ ಕೂತಿದೀರ, ಗಾಡಿ ಬರೋಷ್ಟರಲ್ಲಿ ಮುಗಿದುಹೋಗುತ್ತೆ. ಇವರ ನೀಲಿ ಅಂಗಿ ಅದು, ಕತ್ತಿನ ಹತ್ರದ ಗುಂಡಿ. ನನಗೆ ಸೂಜಿ ಅಂದ್ರೆ ಆಗಲ್ಲ, ಹಿಡಿಯೋಕೂ ಬರಲ್ಲ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯಾಗಿ ಬಂದ ಹೊಸದರಲ್ಲಿ ದಿಂಬಿನ ಕವರಿಗೆ ನಾನು ಹಾಕಿದ ಹೊಲಿಗೇನ ಚರ್ಚಿನ ಹೆಂಗಸರ ಮುಂದೆಲ್ಲ ಎತ್ತಿ ಹಿಡಿದು ತೋರಿಸಿದ್ರಿ. 'ನೋಡ್ರೇ, ನನ್ನ ತಮ್ಮ ಕಟ್ಕೊಂಡು ಬಂದಿರೋದು ಕೋಳಿ ಕೆದರಿದ ಹಾಗೆ ಹೊಲೀತಾಳೆ' ಅಂತ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ರು. ಆಗ ನಿಮಗೆ ಚೆನ್ನಾಗಿ ಕಾಣಿಸ್ತಿತ್ತಲ್ಲ... ನನ್ನ ಮುಖಾನೂ ಕಾಣಿಸಿರಬೇಕು. ಇರ್ಲಿ ಬಿಡಿ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ.

ಅಬ್ಬಾ, ನಾಲಿಗೆ ತುದೀಲೇ ದಾರ ಪೋಣಿಸಿಬಿಟ್ರಿ! ಅದೇನ್ ಮಾಯವೋ. ನಾಳೆಯಿಂದ ಗುಂಡಿ ಕಿತ್ತುಹೋದ್ರೆ ದರ್ಜಿ ಅಂಗಡಿಗೇ ಓಡ್ಬೇಕು ನಾವು.

ಪುಸ್ತಕ ಕೊಡಿ, ಚೀಲದ ಮೇಲಿಡ್ತೀನಿ... ಬೇಡ್ವಾ? ಮಡಿಲಲ್ಲೇ ಇರ್ಬೇಕಾ? ಸರಿ, ಇಟ್ಕೊಳ್ಳಿ. ನಿಮ್ಮ ಪತ್ರದ ಗೆಳತಿ ಜೊತೆ ಓದಿದ ಪುಸ್ತಕ ಅಲ್ವಾ. ಏನೇ ಹೇಳಿ, ಚರ್ಚಿನ ಓದುಗರ ಬಳಗದಲ್ಲಿ ಆ ಲೈಬ್ರರಿ ಅಜ್ಜನಂಥವರು ಇನ್ನೊಬ್ಬರಿಲ್ಲ! ಕೊಲೆ ಕಾದಂಬರಿ ಬಂದ್ರೆ ಸಾಕು, ಕೊನೇ ಅಧ್ಯಾಯದ ಹಾಳೆಗಳನ್ನೆಲ್ಲ ಸೇರಿಸಿ ಅಂಚಿಗೆ ದಪ್ಪ ದಾರದಲ್ಲಿ ಹೊಲಿದು ಕೊಡೋದು! ಯಾರೂ ಮುಂಚೆನೇ ಕದ್ದು ಓದಬಾರದಂತೆ. ಇಲ್ಲಿಂದ ನೀವು, ಬೇರೆ ಊರಿನ ಚರ್ಚಿಂದ ನಿಮ್ಮ ಗೆಳತಿ ಆ ನರ್ಸಮ್ಮ, ಇಬ್ಬರೂ ಒಂದೊಂದು ಪ್ರತಿ ಓದಿ, ಕೊಂದವರು ಯಾರು ಅಂತ ಊಹೆ ಮಾಡಿ ಒಬ್ಬರಿಗೊಬ್ಬರು ಬರೆದ ಮೇಲೇ ದಾರ ಕತ್ತರಿಸಬೇಕಂತೆ. ಹಲ್ಲು ಬಿದ್ದವರ ಮಕ್ಕಳಾಟ.

ನಿಮ್ಮ ಊಹೇನ ನಾನೇ ಬರೆದುಕೊಂಡೆನಲ್ಲ, ನೆನಪಿದ್ಯಾ? ನೀವು ಹೇಳ್ತಾ ಹೋದ್ರಿ, ನಾನು ಬರೀತಾ ಹೋದೆ. 'ಹೆಂಡತಿಯೇ. ಹೊರಗಿಂದ ಬಂದವಳು, ಬಾಯಲ್ಲಿ ಬೆಲ್ಲ, ಒಳಗೆಲ್ಲ ವಿಷ...' ಎಷ್ಟು ಖುಷಿಯಾಗಿ ಹೇಳಿದ್ರಿ! ಪೆನ್ನು ಯಾರ ಕೈಲಿದೆ ಅಂತ ಒಂದು ಸಲನಾದ್ರೂ ಅನ್ನಿಸ್ತಾ? ಅಯ್ಯೋ, ಕೋಪ ಯಾಕೆ ಬರುತ್ತೆ ನನಗೆ. ಸುಮ್ನೆ ಕೇಳ್ದೆ.

ಕೊನೆಗೆ ಏನಾಯ್ತು? ದಾರ ಕತ್ತರಿಸಿ, ಇದೇ ಕುರ್ಚೀಲಿ ಕೂತು ನಾನೇ ಓದಿ ಹೇಳಿದೆ. ಪಾದ್ರಿಯ ಅಕ್ಕ! ತಮ್ಮನ ಮನೇಲಿ ಮೂಲೆ ಕೋಣೆ ಹಿಡ್ಕೊಂಡು, ಬೆಳಗಿಂದ ಸಂಜೆವರೆಗೂ ಸ್ತೋತ್ರ ಗುನುಗ್ತಾ ಕೂತಿದ್ಳಲ್ಲ, ಅವಳು! ತಮ್ಮನ ಹೆಂಡತಿ ಜಾರಿ ಬೀಳ್ಲಿ ಅಂತ ಎಣ್ಣೆ ಸುರಿದಳು, ತಮ್ಮನೇ ಬಿದ್ದ. ಆಮೇಲೆ ಕರ್ತನ ಮುಂದೆ ಮೊಣಕಾಲೂರಿ ಅತ್ತು, ಇನ್ನು ಯಾರಿಗೂ ಹೊರೆಯಾಗಲ್ಲ ಅಂತ ಒಂದು ಚೀಲ ಹಿಡ್ಕೊಂಡು ತಾನಾಗೇ ಆಶ್ರಮಕ್ಕೆ ಹೋಗಿಬಿಡ್ತಾಳೆ. ಪೊಲೀಸರು ಯಾಕೆ ಹಿಡೀಲಿಲ್ಲ ಅಂತ ನೀವು ಕೇಳಿದ್ರಿ. ಇದು ಕ್ರೈಸ್ತ ಕಾದಂಬರಿ ಅಕ್ಕ, ಇಲ್ಲಿ ಪಶ್ಚಾತ್ತಾಪ ಮುಖ್ಯ, ಪೊಲೀಸಲ್ಲ!

ಮತ್ತೆ ನರ್ಸಮ್ಮನ ಕಾಗದ! 'ಆ ಅಕ್ಕ ಮಾಡಿದ್ದೇ ಸರಿ ಸೋದರಿ, ನಾನಾಗಿದ್ರೂ ಹಾಗೇ ಮನೆ ಬಿಡ್ತಿದ್ದೆ, ನೀವೂ ಪ್ರಾರ್ಥನೆ ಮಾಡಿ ಯೋಚಿಸಿ...' ಅದನ್ನೂ ನಾನೇ ತಾನೇ ಓದಿ ಹೇಳಿದ್ದು. ಆಶ್ರಮಕ್ಕೆ ಹೋಗಿ ಅಂತ ನಾನು ಇಷ್ಟು ವರ್ಷ ಬಡ್ಕೊಂಡ್ರೂ ಕಿವಿಗೆ ಹಾಕ್ಕೊಳ್ಳದವರು ಅವಳ ಒಂದು ಕಾಗದಕ್ಕೆ ಕರಗಿಹೋದ್ರಿ. ಮುಖ ಸಹ ನೋಡಿಲ್ಲ ಆಕೇದು! ಆದ್ರೂ ಅವಳು ಬರೆದಿದ್ದೇ ನಿಮಗೆ ದೇವರ ವಾಕ್ಯ. ಆ ಕಾಗದಾನ ದಿಂಬಿನ ಕೆಳಗಿಟ್ಕೊಂಡು ಮಲಗ್ತೀರ, ನೋಡಿದೀನಿ.

ನೀವೇ ಇವರನ್ನ ಕರೆದು ಕೈ ಹಿಡ್ಕೊಂಡು ಹೇಳಿದ್ರಿ, 'ಯಾರೂ ಕಳಿಸ್ತಿಲ್ಲ ಕಣೋ, ನಾನೇ ಹೋಗ್ತಿದೀನಿ' ಅಂತ. ಇವರು ಹೆಂಗಸರ ಹಾಗೆ ಅತ್ರು. ಇವತ್ತು ರಜ ಹಾಕ್ತೀನಿ ಅಂತ ಕೂತಿದ್ರು. ಬೇಡ, ಅಕ್ಕನ ಮನಸ್ಸು ಕಲಕಬೇಡಿ, ಹೋಗಿ ನಿಮ್ಮ ಬಸ್ಸು ಓಡಿಸಿ ಅಂತ ನಾನೇ ಕಳಿಸ್ದೆ.

ಮುಖ ಯಾಕೆ ಸಪ್ಪಗಾಯ್ತು? ಅಲ್ಲಿ ನಿಮಗೆ ಏನ್ ಕಮ್ಮಿ ಹೇಳಿ. ಮಂಚ ಇದೆ, ಹೊತ್ತುಹೊತ್ತಿಗೆ ಊಟ ಇದೆ. ಕೋಣೆಗೆ ಕಿಟಕಿ ಇಲ್ಲ ಅಂದ್ರು... ನಿಮಗೆ ಕಿಟಕಿ ಯಾಕೆ? ಹಾರ್ಮೋನಿಯಂ ಕೇಳಿದ್ರಲ್ಲ, ಇರುತ್ತೆ ಬಿಡಿ. ಇಲ್ಲದಿದ್ರೆ ಬಾಯಲ್ಲೇ ಗುನುಗಿ, ಇಲ್ಲೂ ಅದನ್ನೇ ತಾನೇ ಮಾಡ್ತಿದ್ದಿದ್ದು? ನಾನಂತೂ ನಾಳೆನೇ ಈ ಕೋಣೆಗೆ ಬಣ್ಣ ಹೊಡೆಸ್ತೀನಿ. ಏನೋ ಒಂಥರಾ ವಾಸನೆ ಕೂತುಬಿಟ್ಟಿದೆ. ನಿಮ್ಮದಲ್ಲಪ್ಪ, ಕೋಣೆದು.

ಗುಂಡಿ ಆಯ್ತಾ? ಮತ್ತೆ ಪುಸ್ತಕದಲ್ಲಿ ಏನ್ ತಡಕಾಡ್ತಿದೀರ? ಅದೇನ್ ಹಾರ್ಮೋನಿಯಂ ಅಂದ್ಕೊಂಡ್ರಾ, ಬೆರಳು ಆಡಿಸೋಕೆ? ಕೊನೇ ಹಾಳೆಗಳಲ್ಲಿ ಏನೂ ಇಲ್ಲ, ಬಿಡಿ... ಅಕ್ಕ, ಕೊಡಿ ಇಲ್ಲಿ. ಕೊಡಿ ಅಂದೆ! ಎಷ್ಟು ಗಟ್ಟಿ ಹಿಡ್ಕೊಂಡಿದೀರ!

ಓ... ಆ ದಾರಾನಾ?

ಹ್ಹ... ಅದು... ಅದು ನಾನೇ. ಓದಾದ್ಮೇಲೆ ಮತ್ತೆ ಹೊಲಿದಿಟ್ಟೆ. ವಾಪಸ್ ಕೊಡ್ಬೇಕಲ್ಲ ಲೈಬ್ರರಿಗೆ! ಮುಂದೆ ಓದೋರಿಗೆ ಮಜಾ ಇರ್ಬೇಡ್ವಾ? ಅಜ್ಜ ಹೇಗೆ ಹೊಲಿದಿದ್ರೋ ಥೇಟ್ ಹಾಗೇ... ಒಂದೇ ಸಮ... ಗಂಟೂ ಹಾಗೇ ಹಾಕ್ದೆ... ಆ ಹೊಲಿಗೆ ಮೇಲೆ ಬೆರಳು ಯಾಕೆ ಓಡಿಸ್ತಾನೇ ಇದೀರ ಅಕ್ಕ?

ಏನಿದು? ಸೂಜಿ ಯಾಕೆ ನನ್ನ ಕೈಗೆ ಕೊಡ್ತಿದೀರ?

ಅಂಗೀನೂ ಯಾಕೆ? ಇನ್ನೊಂದು ಗುಂಡಿನಾ? ನಾನು ಹೊಲೀಬೇಕಾ? ಈಗಲಾ? ಗಾಡಿ ಬರೋ ಹೊತ್ತಲ್ಲಿ ಇದೇನ್ ಆಟ... ತಗೊಳ್ಳಿ, ಚುಚ್ಚುತ್ತೆ. ತಗೊಳ್ಳಿ ಅಂದೆ... ಕೈ ಹಿಂದಕ್ಕೆ ತಗೊಳ್ರೀ!

ಹೌದು! ಕತ್ತರಿಸಿಲ್ಲ! ಸಾಕಾ? ಆ ದಾರ ನಾನು ಮುಟ್ಟೇ ಇಲ್ಲ. ಪಾದ್ರೀನ ಯಾರು ಕೊಂದರೋ ನನಗೂ ಗೊತ್ತಿಲ್ಲ, ನನಗೆ ಬೇಕಾಗೂ ಇಲ್ಲ. ಬಾಯಲ್ಲಿ ಬೆಲ್ಲ, ಒಳಗೆಲ್ಲ ವಿಷ... ನನ್ನ ಕೈಲೇ ಬರೆಸಿದ್ರಲ್ಲ! ನಿಮ್ಮ ಆ ಊಹೇನ ಅಂಚೆಗೆ ಹಾಕ್ದೆ ಅಂದ್ಕೊಂಡ್ರಾ? ಒಲೆಗೆ ಹಾಕ್ದೆ. ನಿಮ್ಮ ನರ್ಸಮ್ಮ ಅಲ್ಲಿ ದಾರ ಕತ್ತರಿಸದೆ ಇನ್ನೂ ಕಾಯ್ತಾ ಕೂತಿರ್ಬೇಕು, ಪಾಪದ ಹೆಂಗಸು. ಕಾಗದಾನಾ? ದಿಂಬಿನ ಕೆಳಗೆ ಇಟ್ಕೊಂಡಿದೀರಲ್ಲ, ಎದೆಗೆ ಒತ್ಕೊಂಡು ಅತ್ರಲ್ಲ... ಅದು ಔಷಧಿ ಅಂಗಡಿ ಚೀಟಿ ಕಣ್ರೀ! ನಿಮ್ಮ ಕೆಮ್ಮಿನ ಔಷಧದ್ದು!

ಈಗ ಏನ್ ಮಾಡ್ತೀರ? ತಮ್ಮನಿಗೆ ಹೇಳ್ತೀರಾ? ಹೇಳಿ. ವಯಸ್ಸಾಯ್ತು, ತಲೆ ಕೆಟ್ಟಿದೆ, ಏನೇನೋ ಬಡಬಡಿಸ್ತಾರೆ ಅಂತೀನಿ. ನನ್ನ ಮಾತು ನಂಬ್ತಾರೆ ಅವರು. ಹಾಲು ತಂದುಕೊಡೋಳು ನಾನು.

ಹಾರ್ನ್ ಕೇಳಿಸ್ತಾ? ಬಂತು ಗಾಡಿ. ಏಳಿ. ಚೀಲ ನಾನು ಹಿಡ್ಕೋತೀನಿ, ನೀವು ಕೋಲು ಹಿಡ್ಕೊಳ್ಳಿ. ಏಳಿ ಅಕ್ಕ, ಡ್ರೈವರ್ ಕಾಯ್ತಾನೆ... ಅಯ್ಯೋ, ಬೈಯಿರಿ ಬೇಕಾದ್ರೆ! ಅಳಿ! ಕಾಣಿಸೋರ ಹಾಗೆ ಹೀಗೆ ನನ್ನೇ ನೋಡ್ತಾ ಕೂತ್ರೆ...

ಅಕ್ಕಾ?

ಚಪ್ಪಲಿ ಯಾಕೆ ಬಿಚ್ತಿದೀರ?