ಆರು ತಿಂಗಳಿಗೆ ಒಂದು ವರ್ಷ

ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾದಿದ್ದ ತಾರವ್ವನ ಕಿವಿ, ಪಕ್ಕದಲ್ಲಿ ಕೂತ ಅಕ್ಕತಂಗಿಯರ ಮಾತಿನತ್ತ ತಾನಾಗಿಯೇ ವಾಲಿತು. ಅಕ್ಕ ಸುಗಂಧಾ ತನ್ನ ವಾರಗಿತ್ತಿಯ ಮೇಲೆ ಮುಖ ಊದಿಸಿಕೊಂಡಿದ್ದಳು. ತಂಗಿ ಪೂನಮ ಸಮಾಧಾನ ಹೇಳುತ್ತಿದ್ದಳು.

"ನನ್ನ ನೆಗೆಣ್ಣಿ ಮೇ ತಿಂಗಳದಾಗ ಕಾರ್ ತಗೊಂಡ ಹೊಂಟಾಳ. ಪುಣೆ, ಖೋಪೋಲಿ, ಮುಂಬೈ. ಹೋದಲ್ಲೆಲ್ಲಾ ರೋಲರ್ ಕೋಸ್ಟರ್ ಹತ್ತತಾಳಂತ!"

"ನೀನೂ ಹೋಗಬೇ ಅಕ್ಕಾ. ಕಾರಿನ್ಯಾಗ ಜಾಗಾ ಐತೆಲ್ಲ."

"ಹೆಂಗ ಹೋಗ್ಲಿ? ಹೊರಗಿಂದು ಏನೂ ತಿನ್ನಂಗಿಲ್ಲಂತ ಮುನಿ ಮಹಾರಾಜರ ಮುಂದ ನೇಮ ತಗೊಂಡೀನಿ."

"ಅಕೀನೂ ತಗೊಂಡಿದ್ಲಲ್ಲ?"

"ಅಕೀದು ದೀಪಾವಳಿಯಿಂದ ಆರ ತಿಂಗಳು. ಮೊನ್ನೆ ಮುಗೀತು."

"ನಿಂದು?"

ಸುಗಂಧಾ ಸೆರಗಿನ ತುದಿ ತಿರುವಿದಳು. "ಒಂದ ವರ್ಷ."

"ಯಾಕ ಅಷ್ಟು?"

"ಅಕಿ ಆರ ತಿಂಗಳು ಅಂದಕೂಡ್ಲೆ ಬಸದಿಯೊಳಗ ಎಲ್ಲಾರೂ ಅಕೀನ್ನ ಹೊಗಳಾಕತ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ."

"ಹಂಗಾದ್ರ ಬುತ್ತಿ ಕಟ್ಕೊಂಡ ಹೋಗ."

"ನಾನೂ ಅದನ್ನ ಅಂದೆ. 'ಬ್ಯಾಡ್ರಿ ಅಕ್ಕಾರ, ದಾರ್ಯಾಗ ನಿಮ್ಮ ನೇಮ ಕೆಟ್ಟರ ಪಾಪ ನಮಗ' ಅಂದ್ಲು. ಅದೂ ನಕ್ಕೊಂತ!"

ಅಷ್ಟರಲ್ಲಿ ರಾಯಬಾಗ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಓಡಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಸುಗಂಧಾ ತಂಗಿಯ ಕಡೆ ತಿರುಗಿದಳು.

"ಈ ದೀಪಾವಳಿಗೆ ಅಕಿ ಎಷ್ಟ ತಿಂಗಳ ನೇಮ ಹಿಡೀತಾಳ, ಮೊದಲ ತಿಳ್ಕೊಂಡು ನನಗ ಹೇಳ. ನಾ ಅದರ ದುಪ್ಪಟ್ಟು ಹಿಡಿಯಾಕಿ."