ಪಟ್ಟಿಯಲ್ಲಿಲ್ಲದ ಸೈರನ್

ಹಲೋ... ಹಾಂ, ಇದು ಅವರ ಫೋನೇ. ನಾನು ಅವರ ಹೆಂಡತಿ. ತಾವು ಯಾರು? ಪರದೆ ಮೇಲೆ ‘ಆಕಳಿಕೆ’ ಅಂತ ಬರ್ತಿದೆ...

ಓ, ಶಿಫ್ಟ್ ಇನ್‌ಚಾರ್ಜ್ ಅಣ್ಣನಾ. ಬೇಜಾರು ಮಾಡ್ಕೋಬೇಡಿ. ಅವರು ಎಲ್ಲರಿಗೂ ಒಂದೊಂದು ಹೆಸರಿಟ್ಟಿದ್ರು...

ಇದ್ದೀನಿ ಅಣ್ಣ. ಮಣ್ಣು ಮುಗಿಸಿಕೊಂಡು ನೆಂಟರೆಲ್ಲ ನಿನ್ನೆ ಹೊರಟ್ರು. ಇವತ್ತು ಎದ್ದವಳೇ ಎರಡು ಲೋಟ ಕಾಫಿ ಮಾಡಿಬಿಟ್ಟೆ...

ಅದನ್ನೇ ತಂದಿದ್ದೀನಿ. ನಿಮ್ಮ ಲ್ಯಾಪ್‌ಟಾಪ್ ನನ್ನ ತೊಡೆ ಮೇಲಿದೆ. ನಿಮ್ಮ ಕೋಲ್ಡ್ ಸ್ಟೋರೇಜಿನ ಗೇಟಲ್ಲೇ ಕೂತಿದ್ದೀನಿ, ವಾಚ್‌ಮನ್ ಚೀಟಿ ಬರೀತಿದ್ದಾರೆ. ಅವರ ಲ್ಯಾಪ್‌ಟಾಪಲ್ಲಿ ಮೆಮೊರಿ ಸಾಲದು ಅಂತ ನಿಮ್ಮಿಂದ ಇಸ್ಕೊಂಡಿದ್ರು, ಅಲ್ವಾ...

ಅಣ್ಣ, ಒಂದು ಮಾತು. ಅವರು ಮಾಡ್ತಿದ್ದ ಹೊಸ ಪ್ರೋಗ್ರಾಂ ಇನ್ನೂ ಹಾಕಿಲ್ಲ ತಾನೇ?...

ಯಾವಾಗ?...

ಇವತ್ತು ಬೆಳಿಗ್ಗೆನಾ... ಅವರು ಸುಮ್ಮನೆ ನೋಡೋಕೆ ಅಂತ ಕಳಿಸಿದ್ದ ಪ್ರತಿನೇ ಹಾಕಿದ್ರಾ?... ಹಾಂ, ಗೊತ್ತು, ಕಣ್ಣು ಮಿಟುಕಿಸೋದ್ರೊಳಗೆ ಶುರುವಾಗುತ್ತೆ. ಕರೆಂಟ್ ಹೋಗಿ ಬಂದಾಗಲೆಲ್ಲ ಹಳೇ ಜಾವಾ ಪ್ರೋಗ್ರಾಂ ಏಳೋಕೆ ಎರಡು ನಿಮಿಷ. ಅಷ್ಟರಲ್ಲಿ ತಂಪು ಮಾಡೋ ಅಮೋನಿಯಾ ಅನಿಲ ಸೋರಿದ್ರೆ ನೋಡೋರಿಲ್ಲ ಅಂತಲೇ ಅದನ್ನ ನೇರ ಯಂತ್ರಭಾಷೆಗೆ ಇಳಿಸ್ತಿದ್ರು. ಆದ್ರೆ ಮುಗಿಸಿರಲಿಲ್ಲ ಅಣ್ಣ...

ನಾನೂ ಕಂಪ್ಯೂಟರ್ ಓದಿದವಳು, ಸ್ವಲ್ಪ ಕೇಳಿ. ಪ್ರೋಗ್ರಾಂ ಓಡೋವಾಗ ಹೆಸರು ಹಿಡಿದು ಕರೆಯೋ ಭಾಗಗಳಿರ್ತವೆ. ಅವುಗಳ ಹೆಸರನ್ನ ಮೊದಲೇ ಒಂದು ಪಟ್ಟೀಲಿ ಬರೆದಿಡದಿದ್ರೆ ಅವು ಹೊಸದರೊಳಗೆ ಬರೋದೇ ಇಲ್ಲ. ಹಳೇದನ್ನ ಮೂರು ದಿನ ಓಡಿಸಿ, ಕೆಲಸ ಮಾಡಿದ್ದನ್ನಷ್ಟೇ ಪಟ್ಟಿಗೆ ಬರೆಸಿಕೊಂಡ್ರು. ಆ ಮೂರು ದಿನ ನಿಮ್ಮಲ್ಲಿ ಅನಿಲ ಸೋರಿತ್ತಾ?...

ಇಲ್ಲ, ಅಲ್ವಾ. ಹಾಗಾದ್ರೆ ಸೈರನ್ ಕೂಗಿಸೋ ಭಾಗ ಪಟ್ಟಿಗೆ ಎಲ್ಲಿಂದ ಬಂತು? ಇಲ್ಲಿ ಲ್ಯಾಪ್‌ಟಾಪ್ ಮುಚ್ಚಳದ ಒಳಗೆ ಅವರೇ ಚೀಟಿ ಅಂಟಿಸಿದ್ದಾರೆ. ‘ಸೈರನ್ ಸೇರಿಸಬೇಕು. ಅಲ್ಲಿವರೆಗೆ ಯಾರೂ ಹಾಕಬಾರದು.’ ಬೆಳಿಗ್ಗೆ ಸೇರಿಸ್ತೀನಿ ಅಂತ ಮಲಗಿದ್ರು. ಏಳಲಿಲ್ಲ...

ಅನಿಲ ಸೋರಿದ್ರೂ ನಿಮ್ಮ ಪರದೆ ಹಸಿರಾಗೇ ಇರುತ್ತೆ ಅಣ್ಣ. ಕೂಗೋದು ಮಾತ್ರ ಇಲ್ಲ. ಹಳೇದನ್ನ ಈಗಲೇ ವಾಪಸ್ ಹಾಕಿ. ಒಳಗೆ ಎಷ್ಟು ಜನ?...

ನಲವತ್ತಾ... ಅಣ್ಣ, ನಿಮ್ಮ ಹಿಂದೆ ಯಾರು ಹಾಗೆ ಕೆಮ್ತಿರೋದು?...

ಎಲ್ಲರಿಗೂ ಒಟ್ಟಿಗೆ ನೆಗಡಿ ಬರುತ್ತಾ? ಇಲ್ಲಿ ಗೇಟಲ್ಲಿ ನನ್ನ ಕಣ್ಣೂ ಉರೀತಿದೆ. ಎಲ್ಲರನ್ನೂ ಹೊರಗೆ ಕಳಿಸಿ. ಸೈರನ್‌ಗೆ ಕಾಯಬೇಡಿ...

ಹಾಂ, ಲ್ಯಾಪ್‌ಟಾಪ್ ವಾಚ್‌ಮನ್ ಕೈಗೆ ಕೊಟ್ಟೆ, ಅವರ ಚೀಟಿ ಸಮೇತ. ಅದು ಬಿಡಿ, ನೀವು ಹೊರಗೆ ಬನ್ನಿ... ಅಣ್ಣ? ಈಗ ಕೆಮ್ಮೂ ಕೇಳಿಸ್ತಿಲ್ಲ. ಅಣ್ಣ, ಹಲ...